ಎರಡು ಸಿ0014

ಪುಟ್ಟಿ,

ಮೊನ್ನೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, "ಮಾವ, ಎಡಿಟಿಂಗ್ ಪ್ರಾಜೆಕ್ಟ್ ಆಫೀಸಿನ ಸಿಸ್ಟಮ್‌ನಲ್ಲಿ ಸರಿಯಾಗಿತ್ತು, ಮನೆಗೆ ಬಂದು ಮ್ಯಾಕ್‌ನಲ್ಲಿ ತೆರೆದರೆ ಎಲ್ಲ ಕೆಂಪು" ಅಂದೆ. ಪ್ರೀಮಿಯರ್‌ನ ಆ ಕೆಂಪು ಪರದೆ ನನಗೂ ಹಳೆಯ ಪರಿಚಯ. 'ಮೀಡಿಯಾ ಆಫ್‌ಲೈನ್' ಅಂತ ಹಲವು ಭಾಷೆಗಳಲ್ಲಿ ಬರೆದಿರುತ್ತದೆ. ಕನ್ನಡ ಇಲ್ಲ, ಆದರೂ ನೋಡಿದ ಕೂಡಲೇ ಹೊಟ್ಟೆಗೆ ತಿಳಿಯುತ್ತದೆ. ಅವತ್ತು ನಿದ್ದೆಗಣ್ಣಲ್ಲಿ ಅರ್ಧ ಹೇಳಿದೆ. ಉಳಿದರ್ಧ ಇಲ್ಲಿದೆ.

ನೀನು ಪೆನ್‌ಡ್ರೈವಿನಲ್ಲಿ ತಂದದ್ದು ಪ್ರಾಜೆಕ್ಟ್ ಫೈಲ್ ಮಾತ್ರ. ಅದರೊಳಗೆ ನಿನ್ನ ಫುಟೇಜ್‌ನ ಒಂದು ಫ್ರೇಮೂ ಇಲ್ಲ. ಯಾವ ಶಾಟ್ ಎಲ್ಲಿಂದ ಎಲ್ಲಿಯವರೆಗೆ, ಅದು ಯಾವ ಡ್ರೈವಿನ ಯಾವ ಫೋಲ್ಡರಿನಲ್ಲಿದೆ ಅನ್ನುವ ಲೆಕ್ಕ ಅಷ್ಟೇ. ನಾವು ಸ್ಟೀನ್‌ಬೆಕ್ ಎಡಿಟಿಂಗ್ ಮೇಜಿನ ಮುಂದೆ ಕೂರುತ್ತಿದ್ದಾಗಲೂ ಹೀಗೇ ಇತ್ತು. ನೆಗೆಟಿವ್ ಮದ್ರಾಸಿನ ಲ್ಯಾಬಿನಲ್ಲಿ ತಣ್ಣಗಿರುತ್ತಿತ್ತು, ನಾವಿಲ್ಲಿ ಕತ್ತರಿಸುತ್ತಿದ್ದದ್ದು ರಶ್ ಪ್ರಿಂಟು. ಫಿಲ್ಮಿನ ಅಂಚಿಗೆ ಅಡಿಗೊಂದು ನಂಬರು, ಅಂದರೆ 35 ಎಂ.ಎಂ.ನಲ್ಲಿ 16 ಫ್ರೇಮಿಗೊಂದು. ಅದನ್ನು ನೋಡಿಕೊಂಡೇ ನೆಗೆಟಿವ್ ಕಟರ್ ಕತ್ತರಿ ಹಾಕುತ್ತಿದ್ದ. ಕಾರ್ಖಾನೆಯಲ್ಲೇ ಬಿದ್ದ ನಂಬರು, ಒಂದು ರೀಲಿನದು ಇನ್ನೊಂದರಲ್ಲಿ ಸಿಗುತ್ತಿರಲಿಲ್ಲ.

ಈಗಿನ ಎಷ್ಟೋ ಕ್ಯಾಮೆರಾಗಳಿಗೆ ಆ ಶಿಸ್ತಿಲ್ಲ. ಒಂದು ಮದುವೆಗೆ ಎರಡು ಸೋನಿ ಇಟ್ಟರೆ ಇದರಲ್ಲೂ ಸಿ0014 ಅನ್ನುವ ಫೈಲ್, ಅದರಲ್ಲೂ ಸಿ0014. ಕೆಲವು ವರ್ಷಗಳ ಹಿಂದೆ ನಾನೇ ಒಂದು ಮದುವೆ ಎಡಿಟ್ ಮಾಡಿ, ಫುಟೇಜನ್ನು ಬೇರೆ ಡ್ರೈವಿಗೆ ಹಾಕಿ, ಇನ್ನೊಂದು ಸಿಸ್ಟಮ್‌ನಲ್ಲಿ ತೆರೆದು, ಪ್ರೀಮಿಯರ್‌ಗೆ ಒಂದು ಕ್ಲಿಪ್ ತೋರಿಸಿ, ಉಳಿದವನ್ನು ನೀನೇ ಹುಡುಕಿಕೋ ಅಂತ ಬಿಟ್ಟೆ. ಕೆಂಪೆಲ್ಲ ಮಾಯ. ಖುಷಿಯಾಗಿ ರೆಂಡರ್‌ಗೆ ಹಾಕಿ ಕಾಫಿಗೆ ಎದ್ದೆ. ಮಾರನೇ ದಿನ ಹುಡುಗಿಯ ಅಪ್ಪ ಪೆನ್‌ಡ್ರೈವ್ ವಾಪಸ್ ತಂದರು. ಗಟ್ಟಿಮೇಳ ಮೊಳಗುತ್ತಿದೆ, ಧಾರೆ ಎರೆಯುವ ಹೊತ್ತು, ಪರದೆಯ ಮೇಲೆ ಒಬ್ಬ ಪಂಕ್ತಿಯಲ್ಲಿ ಬಗ್ಗಿ ಸಾರು ಬಡಿಸುತ್ತಿದ್ದಾನೆ! ಆ ಸಿ0014ರ ಜಾಗಕ್ಕೆ ಈ ಸಿ0014 ಬಂದು ಕೂತಿತ್ತು. ಕೆಂಪು ಪರದೆ ಕಂಡಿದ್ದರೆ ಎಷ್ಟೋ ವಾಸಿಯಿತ್ತು.

ಅದಕ್ಕೇ ಕಾರ್ಡ್ ಖಾಲಿ ಮಾಡಿದ ದಿನವೇ, ಟೈಮ್‌ಲೈನ್ ಮುಟ್ಟುವ ಮೊದಲೇ, ಹೆಸರಿನ ಮುಂದೆ ತಾರೀಖು, ಕ್ಯಾಮೆರಾ, ಕಾರ್ಡ್ ನಂಬರು ಸೇರಿಸು. ಜೊತೆಯಲ್ಲಿ ಬರುವ ಸಿ0014ಎಂ01 ಅನ್ನುವ ಪುಟ್ಟ ಎಕ್ಸ್‌ಎಂಎಲ್ ಫೈಲಿಗೂ ಅದನ್ನೇ ಸೇರಿಸು, ಕಸ ಅಂತ ಎಸೆಯಬೇಡ. ಎಡಿಟಿಂಗ್ ಶುರುವಾದ ಮೇಲೆ ಮಾತ್ರ ಹೆಸರೂ ಫೋಲ್ಡರೂ ಇದ್ದ ಹಾಗೇ ಇರಲಿ.

ಒಂದು ಕೆಲಸಕ್ಕೆ ಒಂದೇ ತಾಯಿ ಫೋಲ್ಡರು. ಪ್ರಾಜೆಕ್ಟ್ ಫೈಲ್, ಫುಟೇಜ್, ಹಾಡು, ಗ್ರಾಫಿಕ್ಸ್, ಫಾಂಟ್ ಎಲ್ಲ ಅದರೊಳಗೆ, ಅದು ಒಂದು ಎಸ್‌ಎಸ್‌ಡಿಯಲ್ಲಿ, ಆ ಎಸ್‌ಎಸ್‌ಡಿ ನಿನ್ನ ಚೀಲದಲ್ಲಿ. ಇನ್ನೊಂದು ಸಲ ನನಗೆ ಫುಟೇಜ್ ಸಿಕ್ಕ ಮೇಲೂ ಕೊನೆಗೆ ಉಳಿದ ಐದು ಕೆಂಪು ಕ್ಲಿಪ್ ಯಾವುವು ಗೊತ್ತಾ? ವಾಟ್ಸಾಪ್‌ನಲ್ಲಿ ಬಂದ ಫೋಟೋಗಳು, ಡೌನ್‌ಲೋಡ್ಸ್‌ನಿಂದ ನೇರ ಟೈಮ್‌ಲೈನಿಗೆ ಎಳೆದಿದ್ದೆ. ಯಾವಾಗಲೂ ಇವೇ ಕೈ ಕೊಡುವುದು.

ಆ ಎಸ್‌ಎಸ್‌ಡಿಯನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೋ, ಖಾಲಿ ಇರುವಾಗಲೇ. ಎನ್‌ಟಿಎಫ್‌ಎಸ್ ಆದರೆ ಮ್ಯಾಕ್ ಓದುತ್ತದೆ, ಬರೆಯಲು ಬಿಡುವುದಿಲ್ಲ. ಎಕ್ಸ್‌ಫ್ಯಾಟ್ ಸ್ವಲ್ಪ ನಾಜೂಕು, ಇಜೆಕ್ಟ್ ಕೊಡದೆ ಕಿತ್ತರೆ ಫೈಲ್ ಕೆಡಬಹುದು. ಆಫೀಸಿನ ವಿಂಡೋಸ್‌ನಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಅದಕ್ಕೆ 'ಆರ್' ಅನ್ನುವ ಅಕ್ಷರ ಕೊಟ್ಟುಬಿಡು. ಇಲ್ಲದಿದ್ದರೆ ಇವತ್ತು 'ಇ', ನಾಳೆ ಯಾರೋ ಕಾರ್ಡ್ ರೀಡರ್ ಚುಚ್ಚಿದರೆ 'ಎಫ್'. ಮ್ಯಾಕ್ ಅಕ್ಷರ ನೋಡುವುದಿಲ್ಲ, ಡ್ರೈವಿನ ಹೆಸರು ನೋಡುತ್ತದೆ. ಅದೇ ಹೆಸರಿನ ಇನ್ನೊಂದು ಡ್ರೈವ್ ಸಿಕ್ಕಿಸಿದರೆ ಬಾಲಕ್ಕೆ 1 ಅಂಟಿಸಿಕೊಂಡು ದಾರಿ ತಪ್ಪಿಸುತ್ತದೆ.

ಎರಡೂ ಕಡೆ ಪ್ರೀಮಿಯರ್ ಒಂದೇ ವರ್ಷನ್ ಇರಲಿ, ಹೊಸದರಲ್ಲಿ ಸೇವ್ ಮಾಡಿದ್ದನ್ನು ಹಳೆಯದು ತೆರೆಯುವುದಿಲ್ಲ. ಪ್ರೀಮಿಯರ್ ಬಿಟ್ಟು ಡಾವಿಂಚಿಗೆ ಹೋಗುತ್ತೇನೆ ಅಂದಿದ್ದೆಯಲ್ಲ, ಅದರಲ್ಲಿ ಪ್ರಾಜೆಕ್ಟ್ ಕೂರುವುದು ಡೇಟಾಬೇಸ್‌ನಲ್ಲಿ. ಡಿಆರ್‌ಪಿ ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿದರೆ ಲೆಕ್ಕ ಮಾತ್ರ ಬರುತ್ತದೆ, ಫುಟೇಜೂ ಬೇಕಾದರೆ ಆರ್ಕೈವ್ ಮಾಡಬೇಕು.

ಇವತ್ತಿನ ಮಟ್ಟಿಗೆ ಆಫೀಸಿನ ಸಿಸ್ಟಮ್‌ನಲ್ಲೇ ತೆರೆದು, ಪ್ರಾಜೆಕ್ಟ್ ಮ್ಯಾನೇಜರ್‌ನಲ್ಲಿ 'ಕಲೆಕ್ಟ್ ಫೈಲ್ಸ್' ಕೊಟ್ಟು ಎಲ್ಲವನ್ನೂ ಎಸ್‌ಎಸ್‌ಡಿಗೆ ಇಳಿಸಿಕೋ. ಕಾರ್ಡುಗಳನ್ನು ಇನ್ನೂ ಅಳಿಸಬೇಡ. ಶನಿವಾರ ಬರುವಾಗ ಡ್ರೈವ್ ತಾ, ಇಬ್ಬರೂ ಕೂತು ನೋಡೋಣ. ನಿಮ್ಮತ್ತೆ ಕೋಡುಬಳೆ ಕರಿಯುತ್ತಾಳಂತೆ, ಕೈ ತೊಳೆದೇ ಡ್ರೈವ್ ಮುಟ್ಟಬೇಕು.

ನಿನ್ನ ಮಾವ