ಹ – ಹಾಲಿನ ಹ, ಹಳ್ಳಿಯ ಹ



ಅಂಗೈಯನ್ನು ಬಾಯಿಯ ಮುಂದೆ ಹಿಡಿಯಿರಿ. ಪ ಅನ್ನಿ. ಎರಡು ತುಟಿಯೂ ಮುಚ್ಚಿ ತೆರೆಯುತ್ತವೆ. ಈಗ ಹ ಅನ್ನಿ. ತುಟಿ ಮುಚ್ಚುವುದಿಲ್ಲ. ನಾಲಿಗೆ ಎಲ್ಲೂ ತಾಗುವುದಿಲ್ಲ. ಬಿಸಿ ಉಸಿರು ಮಾತ್ರ ಅಂಗೈಗೆ ಬರುತ್ತದೆ. ಹ ಅಂದರೆ ಅಷ್ಟೇ, ಉಸಿರು.

ವರ್ಣಮಾಲೆಯಲ್ಲಿ ಹ ಕೊನೆಯಿಂದ ಎರಡನೆಯದು. ಸ ಆದ ಮೇಲೆ ಹ, ಹ ಆದ ಮೇಲೆ ಳ. ಹಿಂದೆ ನಿಂತಿದ್ದರೂ ಮನೆಯಲ್ಲಿ ಇದಿಲ್ಲದೆ ಏನೂ ನಡೆಯದು. ಹಾಲು, ಹಿಟ್ಟು, ಹುಳಿ, ಹೂವು, ಹಸು, ಹೊಲ, ಹಬ್ಬ, ಹೆಣ್ಣು.

ಕಲಿಕಾ ಕೇಂದ್ರದಲ್ಲಿ ಒಬ್ಬರಾದರೂ ಕೇಳುವ ಮಾತು ಇದು:

“ಅಕ್ಕಾ, ನಾವು ಆಲು ಅಂತೀವಿ, ಅಳ್ಳಿ ಅಂತೀವಿ. ಬರೆಯುವಾಗ ಈ ಹ ಎಲ್ಲಿಂದ ಬಂತು?”

ಒಳ್ಳೆಯ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ ಇದೆ. ನಿಧಾನವಾಗಿ ಓದಿ.

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ ಹಲ್ಮಿಡಿ ಅಂತ ಒಂದು ಊರು. ಅಲ್ಲಿ ಒಂದು ಹಳೆಯ ಕಲ್ಬರಹ ಸಿಕ್ಕಿತು. ಅದು ಸುಮಾರು 450ನೇ ಇಸವಿಯದು ಎನ್ನುತ್ತಾರೆ. ಅಂದರೆ 1500 ವರ್ಷಕ್ಕೂ ಹಳೆಯದು. ಕನ್ನಡದ ತುಂಬ ಹಳೆಯ ಬರಹಗಳಲ್ಲಿ ಅದು ಹೆಸರಾದದ್ದು. ಆ ಕಲ್ಲಿನಲ್ಲಿ ಊರಿನ ಹೆಸರೂ ಇದೆ. ಆದರೆ ಹಲ್ಮಿಡಿ ಎಂದಿಲ್ಲ. ಅಲ್ಲಿ ಹೆಸರು ಶುರುವಾಗುವುದು ಪ ಅಕ್ಷರದಿಂದ!

ಆಗ ಪ ಅನ್ನುತ್ತಿದ್ದ ಕಡೆ ಈಗ ನಾವು ಹ ಅನ್ನುತ್ತೇವೆ. ಹಾಲು ಆಗ ಪಾಲ್. ಹೂ ಆಗ ಪೂ. ಹಳ್ಳಿ ಆಗ ಪಳ್ಳಿ. ಹೆಣ್ಣು ಆಗ ಪೆಣ್. ಕವಿ ಪಂಪ 10ನೇ ಶತಮಾನದವನು. ಅವನ ಕಾವ್ಯದಲ್ಲೂ ಪೂ ಎಂದೇ ಇದೆ. ಅದಾದ ಒಂದೆರಡು ನೂರು ವರ್ಷಗಳಲ್ಲಿ ಪ ಹೋಗಿ ಹ ಬಂತು. ಯಾರೂ ಹುಕುಂ ಮಾಡಲಿಲ್ಲ. ಆಡುವ ಬಾಯಲ್ಲೇ ಬದಲಾಯಿತು. ಆಮೇಲೆ ಬರೆಯುವವರೂ ಹಾಗೇ ಬರೆದರು.

ನಮ್ಮ ನೆರೆಯ ಭಾಷೆಗಳಲ್ಲಿ ಹಳೆಯ ಪ ಇನ್ನೂ ಇದೆ. ತಮಿಳಿನವರು ಹಾಲಿಗೆ ಪಾಲ್ ಅನ್ನುತ್ತಾರೆ. ತೆಲುಗಿನಲ್ಲಿ ಪಾಲು. ಹಾವಿಗೆ ತೆಲುಗಿನಲ್ಲಿ ಪಾಮು, ತಮಿಳಿನಲ್ಲಿ ಪಾಂಬು. ಹೂವಿಗೆ ತುಳುವಿನಲ್ಲಿ ಪೂ. ಒಂದೇ ತಾಯಿಯ ಮಕ್ಕಳು, ಬೇರೆ ಬೇರೆ ಊರಿಗೆ ಕೊಟ್ಟ ಹಾಗೆ.

ಹಳೆಯ ಪ ನಮ್ಮಲ್ಲೂ ಪೂರ್ತಿ ಹೋಗಿಲ್ಲ. ಬೆರಳು ಮಡಿಸಿ ಎಣಿಸಿ ನೋಡಿ. ಹತ್ತು. ಮುಂದೆ ಇಹತ್ತು ಅಂತೀವಾ? ಇಲ್ಲ, ಇಪ್ಪತ್ತು ಅಂತೀವಿ. ಎಪ್ಪತ್ತು ಅಂತೀವಿ. ಹತ್ತು ಮೊದಲು ಪತ್ತು ಆಗಿತ್ತು. ಎರಡು ಪತ್ತು ಸೇರಿ ಇಪ್ಪತ್ತು. ಒತ್ತಿ ಹೇಳುವ ಕಡೆ ಪ ಜಗ್ಗಲಿಲ್ಲ. ಅಪ್ಪ, ಉಪ್ಪು, ತುಪ್ಪ, ಸೊಪ್ಪು, ಎಲ್ಲ ಹಾಗೇ ಉಳಿದವು. ಹಪ್ಪಳ ನೋಡಿ. ಮೊದಲಿನ ಪ ಹೋಗಿ ಹ ಆಗಿದೆ. ನಡುವಿನ ಪ್ಪ ಗಟ್ಟಿಯಾಗಿ ಕೂತಿದೆ.

ಸಂಸ್ಕೃತದಿಂದ ಬಂದ ಮಾತುಗಳೂ ಕೆಲವು ಈ ದಾರಿ ಹಿಡಿದವು. ಪಕ್ಷಿ ಪಕ್ಕಿಯಾಗಿ ಹಕ್ಕಿ ಆಯಿತು. ಪರ್ವ ಪಬ್ಬವಾಗಿ ಹಬ್ಬ ಆಯಿತು. ಆದರೆ ಪೂಜೆ ಹೂಜೆ ಆಗಲಿಲ್ಲ, ಪಾಠ ಹಾಠ ಆಗಲಿಲ್ಲ. ಇನ್ನು ಹರ, ಹರಿ, ಹನುಮ ಇವುಗಳಲ್ಲಿ ಮೊದಲಿನಿಂದಲೂ ಹ ಇದೆ. ಹಕ್ಕು, ಹಾಜರಿ ಇವು ಅರಬ್ಬಿ, ಪಾರಸಿ ಕಡೆಯಿಂದ ಬಂದವು. ಬರುವಾಗಲೇ ಹ ತಂದವು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಮೊದಲು ಪಾಲ್. ಆಮೇಲೆ ಹಾಲು. ಈಗ ಮಂಡ್ಯ, ಮೈಸೂರು, ಹಾಸನದ ಕಡೆಯ ಎಷ್ಟೋ ಮನೆಗಳಲ್ಲಿ ಆಲು. ತುಟಿ ಮುಚ್ಚುವುದು ಮೊದಲು ಹೋಯಿತು, ಈಗ ಉಸಿರೂ ಹೋಗುತ್ತಿದೆ. ಧಾರವಾಡದ ಕಡೆ ಹೋದರೆ ಹ ಗಟ್ಟಿಯಾಗಿ ಕೇಳುತ್ತದೆ: ಹೌದ್ರಿ, ಹಂಗ, ಹಿಂಗ. ಪೇಟೆಯಲ್ಲಿ ಕೆಲವರು ಆಲು ಅಂದವರನ್ನು ನೋಡಿ ನಗುತ್ತಾರೆ. ನಗುವವರಿಗೆ ಪಾಲ್ ವಿಷಯ ಗೊತ್ತಿಲ್ಲ. ಪಾಲ್ ಅನ್ನುತ್ತಿದ್ದ ಅಜ್ಜಿ ಬಂದರೆ, ಹಾಲು ಅನ್ನುವವರನ್ನು ನೋಡಿ ಆಕೆಯೂ ನಗಬಹುದು!

ಮನೆಯಲ್ಲಿ ಆಲು ಅನ್ನಿ, ತಪ್ಪಿಲ್ಲ. ಕಾಗದದ ಮೇಲೆ ಮಾತ್ರ ಹ ಬರೆಯಬೇಕು. ಯಾಕೆಂದರೆ ಓದುವವರು ನಿಮ್ಮ ಮುಂದೆ ಇರುವುದಿಲ್ಲ. ಅವರಿಗೆ ನಿಮ್ಮ ದನಿ ಕೇಳುವುದಿಲ್ಲ. ಇವನ್ನು ಗಟ್ಟಿಯಾಗಿ ಓದಿ:

ಹಕ್ಕಿ – ಅಕ್ಕಿ
ಹತ್ತು – ಅತ್ತು
ಹೇಳು – ಏಳು
ಹುಳಿ – ಉಳಿ
ಹಾಡು – ಆಡು
ಹೊಟ್ಟು – ಒಟ್ಟು

“ಹತ್ತು ರೂಪಾಯಿ ಕೊಟ್ಟಳು” ಬೇರೆ. “ಅತ್ತು ರೂಪಾಯಿ ಕೊಟ್ಟಳು” ಬೇರೆ. ಹ ಬಿಟ್ಟರೆ ಅಳು ಬಂತು ನೋಡಿ.

ಹೆಸರಿನ ವಿಷಯಕ್ಕೆ ಬಂದರೆ ಇದು ನಗುವ ಮಾತಲ್ಲ. ಹೊನ್ನಮ್ಮ ಅನ್ನುವವರು ಕಚೇರಿಗೆ ಹೋಗಿ ಒನ್ನಮ್ಮ ಅನ್ನುತ್ತಾರೆ. ಬರೆಯುವವರು ಕೇಳಿದ ಹಾಗೆ ಬರೆಯುತ್ತಾರೆ. ಪಡಿತರ ಚೀಟಿಯಲ್ಲಿ ಒನ್ನಮ್ಮ. ಆಧಾರ್ ಕಾರ್ಡಿನಲ್ಲಿ ಹೊನ್ನಮ್ಮ. ಗಂಡ ತೀರಿಕೊಂಡ ಮೇಲೆ ಜಮೀನು ತನ್ನ ಹೆಸರಿಗೆ ಆಗಬೇಕು, ಇಲ್ಲವೇ ಪಿಂಚಣಿ ಬರಬೇಕು. ಆಗ “ಈ ಇಬ್ಬರೂ ಒಬ್ಬರೇ ಅಂತ ಏನು ಸಾಕ್ಷಿ?” ಎಂದು ಕೇಳುತ್ತಾರೆ. ಒಂದು ಅಕ್ಷರಕ್ಕೆ ಎಷ್ಟು ಓಡಾಟ, ಎಷ್ಟು ದಿನದ ಕೂಲಿ! ಅಕ್ಷರ ಬಂದವರು ಅಲ್ಲೇ ನಿಂತು, “ಸ್ವಾಮಿ, ನನ್ನ ಹೆಸರಿಗೆ ಹ ಹಾಕಿ. ಕೊಡಿ ಇಲ್ಲಿ, ನಾನೇ ಬರೆದು ತೋರಿಸುತ್ತೇನೆ” ಎನ್ನಬಹುದು. ಚೀಟಿ ಕೈಗೆ ಬಂದ ಕೂಡಲೇ ಓದಿ ನೋಡಬಹುದು.

ಹೊನ್ನಮ್ಮ ಅಂದ ಮೇಲೆ ಇನ್ನೊಬ್ಬ ಹೊನ್ನಮ್ಮನ ಮಾತು ಹೇಳಬೇಕು. 17ನೇ ಶತಮಾನದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಒಬ್ಬಳು ಹೊನ್ನಮ್ಮ ಇದ್ದಳು. ಎಲೆ ಅಡಿಕೆ ಸಂಚಿ ಹಿಡಿಯುವುದು ಅವಳ ಕೆಲಸ. ಆದ್ದರಿಂದ ಸಂಚಿಯ ಹೊನ್ನಮ್ಮ ಎಂದೇ ಹೆಸರಾಯಿತು. ಊಳಿಗದ ಹೆಂಗಸು ಓದು ಬರಹ ಕಲಿತು ಕಾವ್ಯ ಬರೆದಳು. ಅದರ ಹೆಸರು ‘ಹದಿಬದೆಯ ಧರ್ಮ’. ಹದಿಬದೆ ಅಂದರೆ ಪತಿವ್ರತೆ. ಪತಿವ್ರತೆ ಅನ್ನುವ ಮಾತೇ ಆಡುತ್ತಾ ಆಡುತ್ತಾ ಹದಿಬದೆ ಆಗಿದೆ. ಇಲ್ಲೂ ಪ ಹೋಗಿ ಹ! ಗಂಡನಿಗೆ ಹೇಗೆ ನಡೆದುಕೊಳ್ಳಬೇಕು ಎಂದು ಹೇಳುವ ಪುಸ್ತಕ ಅದು. ಅದರಲ್ಲಿರುವ ಎಲ್ಲವನ್ನೂ ಇಂದು ಒಪ್ಪಬೇಕಾಗಿಲ್ಲ. ಆದರೆ ಹೆಣ್ಣು ಎಂದು ಕೀಳಾಗಿ ನೋಡುವವರನ್ನು ಅವಳು ಅದರಲ್ಲೇ ಗದರಿದ್ದಾಳೆ. ಹೆತ್ತವಳೂ ಹೆಣ್ಣಲ್ಲವೇ ಎಂದು ಕೇಳಿದ್ದಾಳೆ.

ಅಭ್ಯಾಸ

ಓದಿ, ಎರಡು ಸಲ ಬರೆಯಿರಿ:
ಹ ಹಾ ಹಿ ಹೀ ಹು ಹೂ ಹೆ ಹೇ ಹೈ ಹೊ ಹೋ ಹೌ

ಹತ್ತರಿಂದ ತೊಂಬತ್ತರವರೆಗೆ ಹತ್ತು ಹತ್ತಾಗಿ ಎಣಿಸಿ. ಪತ್ತು ಎಲ್ಲಿ ವತ್ತು ಆಯಿತು? ಎಲ್ಲಿ ಬತ್ತು ಆಯಿತು? ಪಕ್ಕದವರ ಜೊತೆ ಕೂತು ಹುಡುಕಿ.

ಮನೆಗೆ ಹೋಗಿ ಪಡಿತರ ಚೀಟಿ, ಪಹಣಿ, ಬ್ಯಾಂಕ್ ಪಾಸ್‌ಬುಕ್ ತೆಗೆಯಿರಿ. ಮನೆಯವರ ಹೆಸರುಗಳನ್ನೂ ಊರಿನ ಹೆಸರನ್ನೂ ಓದಿ. ಹ ಇರಬೇಕಾದ ಕಡೆ ಇದೆಯೇ? ಎಲ್ಲ ಕಾಗದದಲ್ಲೂ ಒಂದೇ ತರ ಇದೆಯೇ? ಬೇರೆ ಇದ್ದರೆ ಪೆನ್ಸಿಲ್ಲಿನಿಂದ ಒಂದು ಹಾಳೆಯಲ್ಲಿ ಬರೆದುಕೊಂಡು ನಾಳೆ ಕೇಂದ್ರಕ್ಕೆ ತನ್ನಿ. ತಿದ್ದುಪಡಿಗೆ ಅರ್ಜಿ ಬರೆಯುವುದು ಮುಂದಿನ ಪಾಠ.