ಬಾನಿನಿಂದ ಇಳಿದ ಕೊಡೆಗಳು

ಯಾವ ಕಸುಬಿನಲ್ಲಿಯೇ ಆಗಲಿ, ಅದರಲ್ಲಿ ತಲೆ ನರೆತವರು ಒಂದೆಡೆ ಸೇರಿದರೆ ಮಾತು ತಾನಾಗಿಯೇ ಹಳೆಯ ಸಲಕರಣೆಗಳ ಕಡೆಗೆ ಹೊರಳುತ್ತದೆ. ಒಕ್ಕಲಿಗನು ತಾತನ ಕಾಲದ ಕೂರಿಗೆಯನ್ನು ನೆನೆಯುತ್ತಾನೆ. ನೇಕಾರನು ಗುಂಡಿಮಗ್ಗವನ್ನು ನೆನೆಯುತ್ತಾನೆ. ವಿಮಾನದಿಂದ ಧುಮುಕಿ, ಬಾನಿನಲ್ಲಿ ತೇಲಿ ನೆಲಕ್ಕಿಳಿಯುವ ಸಾಹಸವನ್ನು ಕ್ರೀಡೆಯಾಗಿ ಕೈಗೊಂಡವರ ಲೋಕದಲ್ಲಿಯೂ ಹೀಗೆಯೇ. ಅವರ ಪೆಟ್ಟಿಗೆಗಳಲ್ಲಿ ಮಾಸಿದ ನೈಲಾನ್ ಬಟ್ಟೆ, ತುಕ್ಕು ಹಿಡಿದ ಕೊಂಡಿ, ಸವೆದ ಬೂಟು, ಅಂಚು ಮುದುರಿದ ಛಾಯಾಚಿತ್ರಗಳು ದೊರೆಯುತ್ತವೆ. ಹೊರಗಿನವರ ಕಣ್ಣಿಗೆ ಅವು ಬಿಸಾಡಬಹುದಾದ ವಸ್ತುಗಳು. ಅವನ್ನೇ ನಂಬಿ ಜಿಗಿದು, ಬದುಕಿ ಉಳಿದವರಿಗೆ ಒಂದೊಂದೂ ಒಂದೊಂದು ಪಾಠ.

ಧುಮುಕುಕೊಡೆಯ, ಎಂದರೆ ಪ್ಯಾರಾಚೂಟಿನ ಕಥೆಯು ವಿಮಾನದ ಕಥೆಗಿಂತ ಹಳೆಯದು. 1797ರ ಅಕ್ಟೋಬರ್ 22ರಂದು ಆಂದ್ರೆ ಜಾಕ್ ಗಾರ್ನೆರಿನ್ ಎಂಬ ಫ್ರೆಂಚ್ ಸಾಹಸಿಯು ಪ್ಯಾರಿಸ್ ನಗರದ ಮೊನ್ಸೋ ಉದ್ಯಾನದಿಂದ ಬಲೂನಿನಲ್ಲಿ ಮೇಲೇರಿ, ರೇಷ್ಮೆಯ ಕೊಡೆಯೊಂದಕ್ಕೆ ಕಟ್ಟಿದ ಬುಟ್ಟಿಯಲ್ಲಿ ಕುಳಿತು ನೆಲಕ್ಕಿಳಿದನು. ಆದರೆ ಇಳಿಯುವಾಗ ಆ ಬುಟ್ಟಿಯು ಗಡಿಯಾರದ ಲೋಲಕದಂತೆ ಭಯಂಕರವಾಗಿ ತೂಗಾಡಿತು. ಕೊಡೆಯೊಳಗೆ ತುಂಬಿದ ಗಾಳಿಗೆ ಹೊರಹೋಗಲು ದಾರಿಯಿಲ್ಲದೆ, ಅದು ಒಮ್ಮೆ ಈ ಅಂಚಿನಿಂದ ಒಮ್ಮೆ ಆ ಅಂಚಿನಿಂದ ನುಗ್ಗುತ್ತಿದ್ದುದೇ ಇದಕ್ಕೆ ಕಾರಣ. ಮುಂದೆ ಕೊಡೆಯ ನೆತ್ತಿಯಲ್ಲಿ ಒಂದು ರಂಧ್ರವನ್ನು ಬಿಡುವ ಪದ್ಧತಿ ಬಂದಿತು, ತೂಗಾಟ ತಗ್ಗಿತು. ಒಂದು ದೋಷವು ಕಂಡುಬಂದುದು, ಅದಕ್ಕೊಂದು ಪರಿಹಾರ ದೊರೆತುದು—ಧುಮುಕುಕೊಡೆಯ ಇತಿಹಾಸವೆಲ್ಲವೂ ಹೀಗೆಯೇ ನಡೆದುಬಂದಿದೆ.

ಮೊದಮೊದಲು ಕೊಡೆಯನ್ನು ವಿಮಾನಕ್ಕೆ ಕಟ್ಟಿದ ಹಗ್ಗವೇ ಬಿಚ್ಚುತ್ತಿತ್ತು. ಅಮೆರಿಕದಲ್ಲಿ ಜಾರ್ಜಿಯಾ ಬ್ರಾಡ್‌ವಿಕ್ ಎಂಬ ತರುಣಿಯಿದ್ದಳು. ಗಿಡ್ಡ ಮೈಕಟ್ಟಿನವಳಾದುದರಿಂದ ಜನರು ಆಕೆಯನ್ನು ‘ಟೈನಿ’, ಎಂದರೆ ಪುಟ್ಟಿ, ಎಂದೇ ಕರೆಯುತ್ತಿದ್ದರು. 1914ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಸೈನ್ಯಾಧಿಕಾರಿಗಳ ಮುಂದೆ ಆಕೆ ಜಿಗಿದು ತೋರಿಸುತ್ತಿದ್ದಾಗ ಆ ಹಗ್ಗವು ವಿಮಾನದ ಬಾಲಕ್ಕೆ ಸಿಕ್ಕಿಕೊಂಡಿತು. ಮುಂದಿನ ಜಿಗಿತದಲ್ಲಿ ಆಕೆ ಹಗ್ಗವನ್ನು ಗಿಡ್ಡದಾಗಿ ಕತ್ತರಿಸಿ, ವಿಮಾನದಿಂದ ಬೇರ್ಪಟ್ಟ ಬಳಿಕ ತನ್ನ ಕೈಯಿಂದಲೇ ಎಳೆದು ಕೊಡೆಯನ್ನು ಬಿಚ್ಚಿದಳು. ಎತ್ತರದಿಂದ ಬೀಳುವವನು ದಾರಿಯಲ್ಲಿಯೇ ಪ್ರಜ್ಞೆ ತಪ್ಪುವನೆಂದು ಆಗ ಹಲವರು ನಂಬಿದ್ದರು. 1919ರ ಏಪ್ರಿಲ್ 28ರಂದು ಒಹಾಯೊ ಸಂಸ್ಥಾನದ ಮೆಕ್‌ಕುಕ್ ವಿಮಾನ ನೆಲೆಯಲ್ಲಿ ಲೆಸ್ಲಿ ಅರ್ವಿನ್ ಎಂಬಾತನು ಬೆನ್ನಿಗೆ ಕಟ್ಟಿದ ಕೊಡೆಯೊಡನೆ ಧುಮುಕಿ, ತಾನೇ ಹಿಡಿಕೆಯನ್ನೆಳೆದು ಇಳಿದನು. ಅವನ ಕಾಲಿನ ಹರಡು ಮುರಿಯಿತು. ಆದರೆ ಆ ತಪ್ಪು ನಂಬಿಕೆಯೂ ಅಂದಿಗೆ ಮುರಿಯಿತು.

ಆ ದಿನಗಳ ಕೊಡೆಗಳು ರೇಷ್ಮೆಯವು. ರೇಷ್ಮೆಯು ಹಗುರ, ಬಲು ಗಟ್ಟಿ; ಮಡಿಸಿದರೆ ಹಿಡಿಯಷ್ಟಾಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ರೇಷ್ಮೆಯು ಮಿತ್ರರಾಷ್ಟ್ರಗಳಿಗೆ ದೊರೆಯದಂತಾದಾಗ ಅಮೆರಿಕವು ಹೊಸದಾಗಿ ಬಂದಿದ್ದ ನೈಲಾನಿನ ಮೊರೆಹೊಕ್ಕಿತು. ಅದೇ ಕಾಲದಲ್ಲಿ ಮೈಸೂರು ಸೀಮೆಯ ರೇಷ್ಮೆಗೂ ಧುಮುಕುಕೊಡೆಯ ಬಟ್ಟೆಗಾಗಿ ಬೇಡಿಕೆಯು ಏರಿತು. ಹಳ್ಳಿಯ ಚಂದ್ರಂಕಿಯಲ್ಲಿ ಹುಳು ಕಟ್ಟಿದ ಗೂಡಿನ ಎಳೆಯು ಎಲ್ಲಿಯೋ ಬಾನಿನಲ್ಲಿ ಒಬ್ಬ ಅಪರಿಚಿತನ ಪ್ರಾಣವನ್ನು ಹೊತ್ತಿತು.

ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಕೊಡೆಗಳು ಅಗ್ಗದ ಬೆಲೆಗೆ ಮಾರಾಟಕ್ಕೆ ಬಂದವು. ಅವುಗಳಿಂದಲೇ ಈ ಕ್ರೀಡೆಯು ಬೆಳೆಯಿತು. 1951ರಲ್ಲಿ ಯುಗೊಸ್ಲಾವಿಯದ ಬ್ಲೆಡ್ ಎಂಬಲ್ಲಿ ಮೊದಲ ವಿಶ್ವ ಸ್ಪರ್ಧೆ ನಡೆಯಿತು. 1959ರಲ್ಲಿ ಅಮೆರಿಕದ ಆರೆಂಜ್ ಎಂಬ ಊರಿನಲ್ಲಿ ಜಾಕ್ ಇಸ್ಟೆಲ್ ಎಂಬಾತನು ಸಾಮಾನ್ಯ ಜನರಿಗೆ ಜಿಗಿತವನ್ನು ಕಲಿಸುವ ಕೇಂದ್ರವನ್ನು ತೆರೆದನು. ಇಪ್ಪತ್ತೆಂಟು ಅಡಿ ಅಗಲದ ದುಂಡು ಕೊಡೆ ಬೆನ್ನ ಮೇಲೆ, ಚಿಕ್ಕದಾದ ಮೀಸಲು ಕೊಡೆ ಎದೆಯ ಮೇಲೆ, ಕಾಲಿಗೆ ದಪ್ಪ ಅಟ್ಟೆಯ ಬೂಟು—ಇದು ಅಂದಿನ ಜಿಗಿತಗಾರನ ವೇಷ. ದುಂಡು ಕೊಡೆಯು ಗಾಳಿ ಒಯ್ದ ಕಡೆಗೆ ಹೋಗುವುದು. ಅದನ್ನು ತಿರುಗಿಸಲು ಜಿಗಿತಗಾರರು ಹಿಂಬದಿಯ ಬಟ್ಟೆಯಲ್ಲಿ ಅಳತೆಯಿಟ್ಟು ಕಿಂಡಿಗಳನ್ನು ಕತ್ತರಿಸಿದರು. ಕಿಂಡಿಯಿಂದ ಗಾಳಿಯು ಹಿಂದಕ್ಕೆ ಹೊರಟಾಗ ಕೊಡೆಯು ಮುಂದಕ್ಕೆ ಸರಿಯುತ್ತಿತ್ತು. ಆದರೂ ನೆಲ ಮುಟ್ಟುವುದು ಗಟ್ಟಿಯಾಗಿಯೇ. ಅಂಗಾಲು, ಮೀನಖಂಡ, ತೊಡೆ, ಪಕ್ಕೆಗಳ ಮೇಲೆ ಕ್ರಮವಾಗಿ ಉರುಳಿ ಪೆಟ್ಟನ್ನು ಮೈಯೆಲ್ಲಕ್ಕೂ ಹಂಚಿಕೊಳ್ಳುವುದೇ ಅವರು ಕಲಿಯುತ್ತಿದ್ದ ಮೊದಲ ವಿದ್ಯೆ.

1964ರಲ್ಲಿ ಲೆಮ್ವಾನ್ ಎಂಬ ಫ್ರೆಂಚ್ ತಜ್ಞನ ಕಲ್ಪನೆಯನ್ನು ಆಧರಿಸಿದ ‘ಪ್ಯಾರಾ ಕಮ್ಯಾಂಡರ್’ ಎಂಬ ಕೊಡೆ ಬಂದಿತು. ಅನೇಕ ಸೀಳುಗಳಿದ್ದ ಆ ಕೊಡೆಯು ಹಿಂದಿನವುಗಳಿಗಿಂತ ಹೆಚ್ಚು ವಿಧೇಯವಾಗಿತ್ತು. ಅದೇ ವರ್ಷ ಡೊಮಿನಾ ಜಾಲ್ಬರ್ಟ್ ಎಂಬ ಗಾಳಿಪಟದ ತಜ್ಞನು ಬೇರೊಂದು ವಿನ್ಯಾಸಕ್ಕೆ ಹಕ್ಕು ಕೋರಿ ಅರ್ಜಿ ಸಲ್ಲಿಸಿದನು. ಎರಡು ಪದರದ ಬಟ್ಟೆ, ನಡುವೆ ಬಟ್ಟೆಯದೇ ಗೋಡೆಗಳು, ಮುಂಭಾಗದಲ್ಲಿ ತೆರೆದ ಬಾಯಿಗಳು. ಗಾಳಿ ಹೊಕ್ಕೊಡನೆ ಅದು ವಿಮಾನದ ರೆಕ್ಕೆಯಂತೆ ಬಿರುಸಾಗಿ ನಿಲ್ಲುತ್ತಿತ್ತು. ಈ ಚೌಕ ಕೊಡೆಯಿಂದ ಜಿಗಿತಗಾರನು ಬರಿದೆ ಇಳಿಯುವವನಾಗಿ ಉಳಿಯದೆ ಹಾರುವವನೂ ಆದನು. ಆದರೆ ಅದು ತಟ್ಟನೆ ತೆರೆದುಕೊಂಡು ಎಲುಬು ನಡುಗುವಂತೆ ಜಗ್ಗುತ್ತಿತ್ತು. ನಾಲ್ಕು ಮೂಲೆಗಳಲ್ಲಿ ಬಳೆಗಳಿದ್ದ ಒಂದು ಬಟ್ಟೆಯ ತುಂಡನ್ನು ದಾರಗಳಿಗೆ ಪೋಣಿಸಲಾಯಿತು. ಅದು ಮೇಲಿನಿಂದ ನಿಧಾನವಾಗಿ ಜಾರಿ ಬರುವಷ್ಟರಲ್ಲಿ ಕೊಡೆಯೂ ನಿಧಾನವಾಗಿ ಅರಳುವುದು. ಅಂಗೈ ಅಗಲದ ಉಪಾಯ. ಆದರೆ ಅದಿಲ್ಲದೆ ಚೌಕ ಕೊಡೆಯು ಜನರ ಬಳಕೆಗೆ ಬರುವುದು ಕಷ್ಟವಿತ್ತು.

ಮುಖ್ಯ ಕೊಡೆಯು ಕೆಟ್ಟಾಗ ಅದನ್ನು ಕಳಚಿ ಮೀಸಲು ಕೊಡೆಯನ್ನು ಬಿಚ್ಚಬೇಕು. ಹಿಂದೆ ಎರಡು ಹೆಗಲುಗಳ ಮೇಲಿದ್ದ ಕೊಂಡಿಗಳ ಮುಚ್ಚಳ ತೆರೆದು, ಒಳಗಿನ ತಂತಿಯ ಬಳೆಗಳಿಗೆ ಹೆಬ್ಬೆರಳು ತೂರಿಸಿ ಎಳೆಯಬೇಕಾಗಿತ್ತು. ಗಿರಗಿರನೆ ಸುತ್ತುತ್ತ ಬೀಳುವವನಿಗೆ ಇದು ಸುಲಭವೆ? 1970ರ ದಶಕದಲ್ಲಿ ಬಿಲ್ ಬೂತ್ ಎಂಬಾತನು ಮೂರು ಬಳೆಗಳ ಏರ್ಪಾಟನ್ನು ಕಂಡುಹಿಡಿದನು. ದೊಡ್ಡ ಬಳೆಯೊಳಗೆ ನಡುವಿನದು, ಅದರೊಳಗೆ ಚಿಕ್ಕದು ಮಡಿಸಿ ಕೂರುತ್ತವೆ. ಸನ್ನೆಕೋಲಿನ ತತ್ತ್ವದಂತೆ ಪ್ರತಿಯೊಂದು ಬಳೆಯೂ ಭಾರವನ್ನು ಇಳಿಸುತ್ತ ಹೋಗಿ, ಕೊನೆಯ ದಾರದ ಕುಣಿಕೆಯ ಮೇಲೆ ಅದರ ಸಣ್ಣದೊಂದು ಅಂಶ ಮಾತ್ರ ಉಳಿಯುತ್ತದೆ. ಒಂದು ಹಿಡಿಕೆಯನ್ನು ಎಳೆದರೆ ಎರಡು ಹೆಗಲುಗಳೂ ಒಟ್ಟಿಗೆ ಕಳಚುತ್ತವೆ. ಕೈ ಎಳೆಯಲು ಮರೆತರೆ ಅಥವಾ ಪ್ರಜ್ಞೆ ತಪ್ಪಿದರೆ ಏನು ಗತಿ? ಅದಕ್ಕಾಗಿ ಸೋವಿಯತ್ ಒಕ್ಕೂಟದಲ್ಲಿ ಗಡಿಯಾರದ ಯಂತ್ರವುಳ್ಳ ಉಪಕರಣಗಳು ಬಳಕೆಯಲ್ಲಿದ್ದವು. 1991ರಲ್ಲಿ ಜರ್ಮನಿಯ ಹೆಲ್ಮುಟ್ ಕ್ಲೋತ್ ಎಂಬಾತನು, ಗೆಳೆಯನೊಬ್ಬನ ಮರಣದಿಂದ ನೊಂದು ರೂಪಿಸಿದ ಪುಟ್ಟ ಯಂತ್ರವನ್ನು ಹೊರತಂದನು. ಅದು ಗಾಳಿಯ ಒತ್ತಡವನ್ನು ಅಳೆಯುತ್ತ, ಬೀಳುವ ವೇಗವು ತಗ್ಗದೆ ನೆಲವು ಸಮೀಪಿಸಿದರೆ ಮೀಸಲು ಕೊಡೆಯ ಕುಣಿಕೆಯನ್ನು ತಾನೇ ಕತ್ತರಿಸುತ್ತದೆ.

ಹಳೆಯ ವಿಮಾನಗಳ ನೆನಪೂ ಹಿರಿಯರಲ್ಲಿ ಹಸಿರಾಗಿದೆ. ಒಂದೇ ಎಂಜಿನ್ನಿನ ಪುಟ್ಟ ಸೆಸ್ನಾದ ಬಾಗಿಲನ್ನು ಕಳಚಿಟ್ಟು, ಚಕ್ರದ ಬಳಿಯ ಮೆಟ್ಟಿಲ ಮೇಲೆ ಕಾಲಿಟ್ಟು, ರೆಕ್ಕೆಯ ಊರೆಗೋಲನ್ನು ಹಿಡಿದು ಬಿರುಗಾಳಿಗೆ ಮುಖವೊಡ್ಡಿ ನಿಂತುದನ್ನು ಅವರು ಮರೆಯರು. 1935ರಲ್ಲಿ ಮೊದಲು ಹಾರಿದ ಡಿ.ಸಿ.-3 ವಿಮಾನವು ಯುದ್ಧದಲ್ಲಿ ‘ಡಕೋಟ’ ಎನಿಸಿ ಯೋಧರನ್ನು ಹೊತ್ತಿತು. ಬಳಿಕ ಕ್ರೀಡಾಪಟುಗಳನ್ನೂ ಹೊತ್ತಿತು. ಭಾರತದ ವಾಯುಪಡೆಯಲ್ಲಿಯೂ ಅದು ದೀರ್ಘಕಾಲ ದುಡಿಯಿತು. 1959ರಲ್ಲಿ ವಾಯುಪಡೆಯ ವೈದ್ಯೆ ಗೀತಾ ಚಂದಾ ಅವರು ಧುಮುಕುಕೊಡೆಯಿಂದ ಜಿಗಿದ ಮೊದಲ ಭಾರತೀಯ ಮಹಿಳೆಯೆನಿಸಿದರು. 2002ರಲ್ಲಿ ರೇಚಲ್ ಥಾಮಸ್ ಅವರು ಉತ್ತರ ಧ್ರುವದ ಹಿಮದ ಮೇಲೆ ಇಳಿದರು.

ಇನ್ನು ಛಾಯಾಚಿತ್ರಗಳು. 1960ರ ಆಗಸ್ಟ್ 16ರಂದು ಜೋಸೆಫ್ ಕಿಟಿಂಜರ್ ಎಂಬ ಅಮೆರಿಕದ ವಾಯುಪಡೆಯ ಅಧಿಕಾರಿಯು ನ್ಯೂ ಮೆಕ್ಸಿಕೊದ ಮೇಲೆ 1,02,800 ಅಡಿ ಎತ್ತರದಲ್ಲಿದ್ದ ಬಲೂನಿನಿಂದ ಧುಮುಕಿದನು. ತೊಟ್ಟಿಲಿನಲ್ಲಿ ಅಳವಡಿಸಿದ್ದ ಕ್ಯಾಮರಾವು ಅವನು ಕೆಳಗಿನ ಮೋಡಗಳತ್ತ ಇಳಿದುಹೋಗುವುದನ್ನು ಸೆರೆಹಿಡಿಯಿತು. ನೋಡುವವರ ಮೈ ನವಿರೇಳುವ ಚಿತ್ರವದು. ಆದರೆ ಅದರಲ್ಲಿ ಕಾಣದ ಸಂಗತಿಯೊಂದಿದೆ. ಹಿಂದಿನ ವರ್ಷದ ಪ್ರಯತ್ನದಲ್ಲಿ ಚಿಕ್ಕ ಕೊಡೆಯ ದಾರವು ಅವನ ಕೊರಳಿಗೆ ಸುತ್ತಿಕೊಂಡು ಅವನು ಪ್ರಜ್ಞೆ ತಪ್ಪಿದ್ದನು. ತಾನಾಗಿಯೇ ತೆರೆದ ಮೀಸಲು ಕೊಡೆಯು ಅವನನ್ನು ಉಳಿಸಿತ್ತು. ಎತ್ತರದಲ್ಲಿ ಅವನನ್ನು ಮೀರಿಸಲು 2012ರಲ್ಲಿ ಫೆಲಿಕ್ಸ್ ಬಾಮ್‌ಗಾರ್ಟ್‌ನರ್ ಮೇಲೇರಿದಾಗ, ನೆಲದಿಂದ ರೇಡಿಯೊ ಮೂಲಕ ಧೈರ್ಯ ಹೇಳಿ ನಡೆಸಿದವನು ಎಂಬತ್ತು ದಾಟಿದ್ದ ಕಿಟಿಂಜರನೇ. ತನ್ನ ದಾಖಲೆಯನ್ನು ಮುರಿಯುವವನ ಪ್ರಾಣವನ್ನು ಕಾಯಲು ಅವನ ಹಳೆಯ ನೆನಪುಗಳು ನೆರವಾದವು.

ಚಿತ್ರವು ಸುಳ್ಳಾಡದಿದ್ದರೂ ನೋಡುವವರು ತಪ್ಪು ತಿಳಿಯಬಹುದು. 1971ರ ಡಿಸೆಂಬರ್ 11ರಂದು ಭಾರತದ ಸೇನೆಯ ಒಂದು ಬೆಟಾಲಿಯನ್ ಬಾಂಗ್ಲಾದೇಶದ ಟಾಂಗೈಲ್ ಬಳಿ ಇಳಿಯಿತು. ಆಗ ಪತ್ರಿಕೆಗಳಿಗೆ ದೊರೆತ ಚಿತ್ರವು ಆಗ್ರಾದಲ್ಲಿ ಹಿಂದೆ ನಡೆದಿದ್ದ ದೊಡ್ಡ ಅಭ್ಯಾಸದ್ದು. ಬಾನು ತುಂಬಿದ ಕೊಡೆಗಳನ್ನು ಕಂಡ ಲೋಕವು ಇಳಿದವರ ಸಂಖ್ಯೆಯನ್ನು ಹಲವು ಮಡಿಯಾಗಿ ಎಣಿಸಿತು. ಚಿತ್ರದ ಕೆಳಗೆ ದಿನಾಂಕವನ್ನೂ ಸ್ಥಳವನ್ನೂ ಬರೆದಿಡಬೇಕೆಂದು ಹಿರಿಯ ಜಿಗಿತಗಾರರು ಹಟ ಹಿಡಿಯುವುದು ಇದಕ್ಕಾಗಿಯೇ.

ಬಾನಿನಲ್ಲಿ ಚಿತ್ರ ತೆಗೆಯುವವನ ಬೆಲೆಯೂ ಕಡಿಮೆಯಲ್ಲ. 1988ರಲ್ಲಿ ಉತ್ತರ ಕ್ಯಾರೊಲಿನಾದಲ್ಲಿ, ನೂರಾರು ಬಾರಿ ಜಿಗಿದು ಪಳಗಿದ್ದ ಛಾಯಾಗ್ರಾಹಕನೊಬ್ಬನು ಕ್ಯಾಮರಾದ ಸಲಕರಣೆಗಳನ್ನು ಕಟ್ಟಿಕೊಂಡು, ಧುಮುಕುಕೊಡೆಯನ್ನೇ ತೊಡದೆ ವಿಮಾನದಿಂದ ಜಿಗಿದನು. ಕಲಿಯುವವನ ಚಿತ್ರವನ್ನು ಕೊನೆಯವರೆಗೂ ತೆಗೆಯುತ್ತಿದ್ದ ಅವನಿಗೆ ತನ್ನ ಬೆನ್ನು ಬರಿದಾಗಿದ್ದುದು ತಿಳಿದಾಗ ಹೊತ್ತು ಮೀರಿತ್ತು. ಅನುಭವವು ಎಷ್ಟೇ ಇರಲಿ, ಅಭ್ಯಾಸದ ಕೈ ತಪ್ಪಬಲ್ಲದು. ಜಿಗಿಯುವ ಮುನ್ನ ಒಬ್ಬರ ಬೆನ್ನನ್ನು ಮತ್ತೊಬ್ಬರು ಪರೀಕ್ಷಿಸಬೇಕೆಂಬ ನಿಯಮವನ್ನು ಹಿರಿಯರು ಕಿರಿಯರಿಗೆ ಮತ್ತೆ ಮತ್ತೆ ಹೇಳುವಾಗ ಇಂತಹ ಮುಖಗಳು ಅವರ ಕಣ್ಮುಂದೆ ಸುಳಿಯುತ್ತವೆ.

ಇಂದಿನ ಕೊಡೆಯು ಹಗುರ. ಅದರಿಂದ ನಿಂತ ಕಾಲಿನಲ್ಲಿಯೇ ನೆಲಕ್ಕಿಳಿಯಬಹುದು. ಅದನ್ನು ತೊಟ್ಟ ತರುಣನಿಗೆ ಅಜ್ಜಂದಿರ ಬೂಟು ನಗೆ ತರಿಸೀತು. ಆದರೆ ಅವನ ಹೆಗಲ ಮೇಲಿನ ಮೂರು ಬಳೆಗಳು, ದಾರಗಳಲ್ಲಿ ಜಾರುವ ಬಟ್ಟೆಯ ತುಂಡು, ಬೆನ್ನೊಳಗಿನ ಪುಟ್ಟ ಯಂತ್ರ ಇವೆಲ್ಲವೂ ಹಿಂದಿನವರು ತಮ್ಮ ಮೈಮುರಿದು, ಕೆಲವರು ಪ್ರಾಣವನ್ನೇ ತೆತ್ತು ಕಲಿತ ಪಾಠಗಳು. ಹಿಡಿಕೆಯನ್ನೆಳೆಯುವಾಗ ಅವನ ಕೈ ಒಂದೇ ಆದರೂ, ಅದರ ಹಿಂದೆ ಹೆಸರು ತಿಳಿಯದ ಎಷ್ಟೋ ಕೈಗಳ ಬಲವಿರುತ್ತದೆ.