ಮಾಳಿಗೆ ಮನೆಯವರಿಗೆ ಹಿಮದೂರಿನ ಮೊದಲ ಚಳಿಗಾಲ

ಮಳೆಯ ಸುಳಿವೇ ಇಲ್ಲದ ಜನವರಿಯಲ್ಲಿ ಮಲಗುವ ಕೋಣೆಯ ಛತ್ತಿನ ಮೇಲೆ ಕಂದು ಕಲೆ ಮೂಡುತ್ತದೆ. ಎರಡು ದಿನ ಬಿಟ್ಟು ಗೋಡೆಯ ಮೂಲೆಯಿಂದ ನೀರು ಹನಿಯತೊಡಗುತ್ತದೆ. ಮಿಷಿಗನ್, ಮಿನೆಸೋಟ, ಟೊರಂಟೊ ಕಡೆ ಹೊಸದಾಗಿ ಬಂದ ನಮ್ಮ ಕುಟುಂಬಗಳು ಚಳಿಗಾಲದಲ್ಲಿ ಗಾಬರಿಯಾಗುವುದು ಹೆಚ್ಚಾಗಿ ಇಲ್ಲಿಯೇ. ನವಲಗುಂದ, ಕುಂದಗೋಳ, ಅಣ್ಣಿಗೇರಿ ಕಡೆಯವರಿಗೆ ಸೋರುವ ಮನೆ ಹೊಸದೇನಲ್ಲ. ಆದರೆ ಸೋರಿದ ಕೂಡಲೇ ಮಾಳಿಗೆ ಹತ್ತಿ ನೋಡುವ ಊರಿನ ರೂಢಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಹಿಮ ಕುಳಿತ ಇಳಿಜಾರು ಚಾವಣಿ ಹತ್ತುವುದು ಪ್ರಾಣಕ್ಕೇ ಅಪಾಯ. ಅದಕ್ಕಿಂತ ಮುಖ್ಯವಾಗಿ, ಆ ಸೋರಿಕೆಯ ಕಾರಣ ಚಾವಣಿಯ ಮೇಲಿಲ್ಲ, ಮನೆಯೊಳಗಿದೆ.

ನಮ್ಮ ಮಾಳಿಗೆ ಮನೆಗಳ ಲೆಕ್ಕ ಬೇರೆ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಚಕ್ಕೆ, ಅದರ ಮೇಲೆ ಸೊಪ್ಪು, ಎಲ್ಲಕ್ಕೂ ಮೇಲೆ ದಪ್ಪನೆಯ ಮಣ್ಣು. ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆಂದು ಸವಳು ಮಣ್ಣನ್ನೇ ಹುಡುಕಿ ತಂದು, ರೋಹಿಣಿ ಮಳೆ ಬೀಳುವುದರೊಳಗೆ ಹರಡಿ, ಕುಂಬಿಯ ಬುಡ ಮೆತ್ತಿ, ನೀರು ದೋಣಿಯತ್ತ ಹರಿಯುತ್ತದೋ ಇಲ್ಲವೋ ನೋಡಿಕೊಳ್ಳುತ್ತಾರೆ. ಮಲೆನಾಡಿನ ಸೆರಗಿನ ಕಲಘಟಗಿಯಲ್ಲಿ ಹಂಚಿನ ಮನೆಗಳು ಹೆಚ್ಚು. ಅಲ್ಲಿ ಮಳೆಗಾಲಕ್ಕೆ ಮುಂಚೆ ಒಡೆದ ಹಂಚು ತೆಗೆದು ಬೇರೆ ಹೊದಿಸುತ್ತಾರೆ. ಎರಡು ಕಡೆಯೂ ಚಿಂತೆ ಒಂದೇ, ಮೇಲಿಂದ ಬೀಳುವ ನೀರು. ಆ ಚಿಂತೆ ಸುಳ್ಳೂ ಅಲ್ಲ. 2019ರ ಆಗಸ್ಟ್‌ನಲ್ಲಿ ಮಳೆ ಬಿಡದೆ ಹಿಡಿದು ಬೆಣ್ಣಿಹಳ್ಳ ಉಕ್ಕಿದಾಗ ನಮ್ಮ ಕಡೆ ಎಷ್ಟೋ ಮಣ್ಣಿನ ಮನೆಗಳು ನೆನೆದು ಕುಸಿದದ್ದು ನಮಗೆಲ್ಲ ಗೊತ್ತು.

ಇಲ್ಲಿನ ಮನೆ ಮರದ ಚೌಕಟ್ಟಿನದು, ಗೋಡೆ ತೆಳು. ಮಣ್ಣಿನ ಗೋಡೆ ಹಗಲಿನ ಬಿಸಿಲು ಹೀರಿಕೊಂಡು ರಾತ್ರಿ ಮನೆಗೆ ಕೊಡುತ್ತದೆ. ವಾರಗಟ್ಟಲೆ ಸೊನ್ನೆಗಿಂತ ಕೆಳಗಿರುವ ಊರಿನಲ್ಲಿ ಹೀರಿಕೊಳ್ಳಲು ಬಿಸಿಲಾದರೂ ಎಲ್ಲಿದೆ? ಅದಕ್ಕೇ ಇಲ್ಲಿನವರು ಗಾಳಿಯನ್ನು ಹಿಡಿದಿಡುತ್ತಾರೆ. ಗೋಡೆಯೊಳಗೆ, ಅಟ್ಟದ ಮೇಲೆ ಹಾಸಿರುವ ಇನ್ಸುಲೇಶನ್ ಕೆಲಸ ಮಾಡುವುದು ಅಜ್ಜಿ ಹೊಲಿದ ಕೌದಿಯ ಹಾಗೆಯೇ: ಬೆಚ್ಚಗಿಡುವುದು ಬಟ್ಟೆಯಲ್ಲ, ಪದರಗಳ ನಡುವೆ ಅಲುಗಾಡದೆ ಕೂತ ಗಾಳಿ. ಆ ಗಾಳಿ ಓಡಾಡತೊಡಗಿತೋ, ಎಷ್ಟು ದಪ್ಪ ಹಾಸಿದರೂ ವ್ಯರ್ಥ.

ಈಗ ಸೋರಿಕೆಗೆ ಬರೋಣ. ಮನೆಯ ಬಿಸಿಗಾಳಿ ಸಂದುಗಳಿಂದ ಏರಿ ಅಟ್ಟ ಸೇರುತ್ತದೆ. ಚಾವಣಿ ಕೆಳಗಿನಿಂದ ಬಿಸಿಯಾಗಿ ಹಿಮದ ತಳ ಕರಗುತ್ತದೆ. ಕರಗಿದ ನೀರು ಇಳಿಜಾರಿನಲ್ಲಿ ಜಾರಿ ಸೂರಿಗೆ ಬರುತ್ತದೆ. ಸೂರು ಗೋಡೆಯಿಂದ ಹೊರಗೆ ಚಾಚಿಕೊಂಡಿರುವುದರಿಂದ ಅದಕ್ಕೆ ಮನೆಯ ಬಿಸಿ ತಾಗದು; ನೀರು ಅಲ್ಲಿ ಮತ್ತೆ ಗಡ್ಡೆಗಟ್ಟುತ್ತದೆ. ಗಡ್ಡೆ ಬೆಳೆದು ಒಡ್ಡಾಗುತ್ತದೆ. ಹಿಂದಿನಿಂದ ಬಂದ ನೀರು ಒಡ್ಡಿನ ಹಿಂದೆ ನಿಂತು, ಚಾವಣಿಗೆ ಹೊದಿಸಿದ ಶಿಂಗಲ್‌ಗಳ ಅಡಿಗೆ ಹಿಮ್ಮುಖವಾಗಿ ನುಗ್ಗಿ ಛತ್ತಿಗೆ ಇಳಿಯುತ್ತದೆ. ಸೂರಿನಿಂದ ಜೋತುಬಿದ್ದ ಉದ್ದುದ್ದ ಹಿಮದ ಕೋಲುಗಳನ್ನು ಮಕ್ಕಳಿಗೆ ತೋರಿಸಿ ಫೋಟೊ ತೆಗೆಯುತ್ತೇವಲ್ಲ, ಅವು ಬಹಳ ಸಲ ನಿಮ್ಮ ಬಿಸಿ ಅಟ್ಟಕ್ಕೆ ಸೋರುತ್ತಿದೆ ಎಂಬ ಸುದ್ದಿ ಹೇಳುತ್ತಿರುತ್ತವೆ.

ಆದ್ದರಿಂದ ಚಾವಣಿಯವನನ್ನು ಕರೆದು ಶಿಂಗಲ್ ಬದಲಿಸುವ ಮುನ್ನ ಅಟ್ಟ ನೋಡಿಸಿ. ಮೊದಲು ಮುಚ್ಚಬೇಕಾದದ್ದು ಸಂದುಗಳನ್ನು: ಅಟ್ಟಕ್ಕೆ ಹತ್ತುವ ಬಾಗಿಲು, ಛತ್ತಿನೊಳಗೆ ಹುದುಗಿಸಿದ ದೀಪಗಳ ಸುತ್ತ, ಕೊಳವೆ ಮತ್ತು ವೈರುಗಳು ಹಾದುಹೋಗುವ ರಂಧ್ರ. ಹಳೆಯ ದೀಪಗಳ ಮತ್ತು ಹೊಗೆಕೊಳವೆಯ ಪಕ್ಕ ಬೆಂಕಿ ತಡೆಯುವ ಸಾಮಗ್ರಿಯೇ ಬೇಕು, ಆ ಭಾಗ ಬಲ್ಲವರಿಗೆ ಬಿಡಿ. ಅಡುಗೆಮನೆ, ಬಚ್ಚಲುಮನೆಯ ಫ್ಯಾನಿನ ಕೊಳವೆ ಮನೆಯಿಂದ ಹೊರಗೆ ಹೋಗುತ್ತದೋ, ಅಟ್ಟದಲ್ಲೇ ಬಾಯಿಬಿಟ್ಟಿದೆಯೋ ಪರೀಕ್ಷಿಸಿ. ಇಷ್ಟಾದ ಮೇಲೆ ಇನ್ಸುಲೇಶನ್. ಉತ್ತರದ ಚಳಿ ಪ್ರದೇಶಗಳ ಅಟ್ಟಕ್ಕೆ ಅಮೆರಿಕದ ಇಂಧನ ಇಲಾಖೆ ಆರ್-49ರಿಂದ ಆರ್-60ರ ಮಟ್ಟ ಹೇಳುತ್ತದೆ (ಆರ್ ಎಂದರೆ ಬಿಸಿ ತಡೆಯುವ ಶಕ್ತಿಯ ಅಳತೆ). ಸೆಲ್ಯುಲೋಸ್ ತುಂಬಿಸಿದರೆ ಅದು ಸುಮಾರು 14ರಿಂದ 17 ಇಂಚು ದಪ್ಪ. ಸೂರಿನ ಅಡಿಯ ಗಾಳಿಕಿಂಡಿಗಳನ್ನು ಮಾತ್ರ ಮುಚ್ಚಬೇಡಿ, ಅಟ್ಟ ತಣ್ಣಗಿರುವುದು ಅವುಗಳಿಂದ. ಎಷ್ಟೋ ವಿದ್ಯುತ್ ಮತ್ತು ಗ್ಯಾಸ್ ಕಂಪನಿಗಳು ಕಡಿಮೆ ದರದಲ್ಲಿ ಮನೆಯ ಗಾಳಿ ಸೋರಿಕೆ ಪರೀಕ್ಷಿಸಿ ಕೊಡುತ್ತವೆ. ಬಿಲ್ಲಿನ ಮೇಲಿನ ನಂಬರಿಗೆ ಫೋನ್ ಮಾಡಿ ಕೇಳಲು ಸಂಕೋಚ ಬೇಡ.

ಚಳಿಗಾಲದ ನಡುವೆಯೇ ಒಡ್ಡು ಕಟ್ಟಿಬಿಟ್ಟರೆ? ನೆಲದ ಮೇಲೆ ನಿಂತು ಉದ್ದ ಹಿಡಿಕೆಯ ರೂಫ್ ರೇಕ್‌ನಿಂದ ಸೂರಿನ ಹತ್ತಿರದ ಹಿಮ ಎಳೆದುಹಾಕಿ. ಮೇಲೆ ವಿದ್ಯುತ್ ತಂತಿ ಇದ್ದರೆ ಅದನ್ನೂ ಮಾಡಬೇಡಿ. ಹಳೆಯ ಉದ್ದ ಕಾಲುಚೀಲದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿ ಒಡ್ಡಿಗೆ ಅಡ್ಡಲಾಗಿ ಇರಿಸಿದರೆ ನೀರು ಹರಿಯಲು ಕಾಲುವೆ ಮಾಡಿಕೊಡುತ್ತದೆ, ಆದರೆ ಅಂಗಳದಿಂದ ಕೈಗೆಟಕದಿದ್ದರೆ ಅದಕ್ಕೂ ಕೆಲಸಗಾರರನ್ನೇ ಕರೆಯಿರಿ. ಕೊಡಲಿ, ಸುತ್ತಿಗೆ, ಕಲ್ಲುಪ್ಪು ಬೇಡವೇ ಬೇಡ. ಕಲೆ ಕಂಡ ದಿನವೇ ಫೋಟೊ ತೆಗೆದಿಟ್ಟುಕೊಂಡು ವಿಮೆಯವರಿಗೆ ತಿಳಿಸಿ.

ಸಂದು ಮುಚ್ಚಿದ ಮನೆಯ ಬಗ್ಗೆ ಇನ್ನೊಂದು ಮಾತು. ನನಗೆ ಹೆಚ್ಚು ಭಯ ಇದರದೇ. ನಮ್ಮ ಮಾಳಿಗೆಯಲ್ಲಿ ಬೆಳಕಿಂಡಿ ಇರುತ್ತದೆ, ಒಲೆಯ ಹೊಗೆ ಅದರಿಂದ ಹೊರಟುಹೋಗುತ್ತದೆ. ಬಾಣಂತಿಗೂ ಕೂಸಿಗೂ ಕೆಂಡದ ಕಾವು ಕೊಡುವ ರೂಢಿ ಅಂಥ ಮನೆಗಳಲ್ಲಿ ಬೆಳೆದದ್ದು. ಇಲ್ಲಿ ಬಾಣಂತನಕ್ಕೆಂದು ಡಿಸೆಂಬರಿನಲ್ಲಿ ಅವ್ವನೋ ಅತ್ತೆಯೋ ಬಂದಾಗ, ಪ್ರೀತಿಯಿಂದಲೇ ಕೆಂಡದ ಮಾತು ತೆಗೆಯುತ್ತಾರೆ. ದಯವಿಟ್ಟು ಮನೆಯೊಳಗೆ ಇದ್ದಿಲು ಹೊತ್ತಿಸಬೇಡಿ, ಗ್ಯಾರೇಜಿನಲ್ಲೂ ಬೇಡ. ಚಳಿ ತಡೆಯಲು ಗ್ಯಾಸ್ ಒಲೆ, ಓವನ್ ಉರಿಸಿಡಬೇಡಿ. ಅವುಗಳಿಂದ ಹೊರಡುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮನೆಮಂದಿಗೆಲ್ಲ ಒಟ್ಟಿಗೆ ತಲೆನೋವು, ಓಕರಿಕೆ, ಮಂಪರು ಬಂದರೆ ಜ್ವರವೆಂದು ಮಲಗಬೇಡಿ. ಕೂಸನ್ನೆತ್ತಿಕೊಂಡು ಎಲ್ಲರೂ ಹೊರಗೆ ಬಂದು 911ಕ್ಕೆ ಕರೆಮಾಡಿ. ಪ್ರತಿ ಮಹಡಿಯಲ್ಲೂ, ಮಲಗುವ ಕೋಣೆಗಳ ಹತ್ತಿರವೂ ಕಾರ್ಬನ್ ಮೊನಾಕ್ಸೈಡಿನ ಅಲಾರಂ ಇರಲಿ. ಗೋಡೆಯಿಂದ ಹೊರಬಂದ ಫರ್ನೇಸಿನ ಬಿಳಿ ಕೊಳವೆಗಳನ್ನು ಹಿಮ ಮುಚ್ಚದಂತೆ ನೋಡಿಕೊಳ್ಳಿ. ಲೋಬಾನ, ಊದುಬತ್ತಿಯ ಹೊಗೆಗೆ ಕೂಗುತ್ತದೆಂದು ಹೊಗೆ ಅಲಾರಮ್ಮಿನ ಬ್ಯಾಟರಿ ತೆಗೆದಿಡುವವರಿದ್ದಾರೆ. ಹಾಗೆ ಮಾಡುವ ಬದಲು ಪೂಜೆಯ ಹೊತ್ತಿಗೆ ಫ್ಯಾನ್ ಹಾಕಿ. ಅವ್ವನಿಗೆ ಕಾವು ಬೇಕೆಂದರೆ ಬಿಸಿನೀರಿನ ಚೀಲ ಇದೆ, ಮೈಮೇಲೆ ಕಂಬಳಿ ಇದೆ.

ಕಿಟಕಿಯ ಗಾಜು ಬೆವರುವುದು ನಮ್ಮ ಅಡುಗೆಯ ಉಗಿಯಿಂದಲೂ ಹೌದು. ಬೇಳೆ, ಅನ್ನ ಕುದಿಯುವಾಗ ಒಲೆಯ ಮೇಲಿನ ಫ್ಯಾನ್ ಓಡುತ್ತಿರಲಿ, ಇಲ್ಲದಿದ್ದರೆ ಕಿಟಕಿಯ ಅಂಚಿಗೆ ಬೂಷ್ಟು ಹಿಡಿಯುತ್ತದೆ. ಫರ್ನೇಸಿನ ಫಿಲ್ಟರನ್ನು ಒಂದರಿಂದ ಮೂರು ತಿಂಗಳಿಗೊಮ್ಮೆ ಬದಲಿಸಿ.

ಬಾಡಿಗೆ ಮನೆಯಲ್ಲಿರುವವರು ಚಳಿಯಲ್ಲಿ ಸುಮ್ಮನೆ ನಡುಗಬೇಕಿಲ್ಲ. ಷಿಕಾಗೊದಲ್ಲಿ ಬಿಸಿ ಒದಗಿಸುವ ಹೊಣೆ ಮಾಲೀಕನದಾಗಿದ್ದರೆ ಸೆಪ್ಟೆಂಬರ್ 15ರಿಂದ ಜೂನ್ 1ರವರೆಗೆ ಹಗಲು 68, ರಾತ್ರಿ 66 ಡಿಗ್ರಿ ಫ್ಯಾರನ್‌ಹೀಟ್ ಇರಲೇಬೇಕೆಂದು ನಗರದ ಕಾನೂನಿದೆ. ನಿಮ್ಮ ಊರಿನ ನಿಯಮ ಏನೆಂದು ನಗರಸಭೆಯಲ್ಲಿ ಕೇಳಿ, ದೂರನ್ನು ಬರವಣಿಗೆಯಲ್ಲೇ ಕೊಡಿ.

ಡಿಸೆಂಬರ್ ರಜೆಗೆ ಊರಿಗೆ ಹೊರಡುವವರು ಫರ್ನೇಸ್ ಆರಿಸಿ ಹೋಗಬೇಡಿ. ಬಿಲ್ ಉಳಿಯುತ್ತದೆಂಬ ಲೆಕ್ಕ ಮಾರ್ಚಿನಲ್ಲಿ ನೆಲಮಾಳಿಗೆಯ ನೀರಾಗಿ ಕಾಡುತ್ತದೆ, ಏಕೆಂದರೆ ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ, ಕೊಳವೆ ಒಡೆಯುತ್ತದೆ. ಥರ್ಮೋಸ್ಟಾಟ್ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಸಬೇಡಿ. ನೀರಿನ ಮುಖ್ಯ ವಾಲ್ವ್ ಮುಚ್ಚಿ, ನಲ್ಲಿಗಳನ್ನು ತೆರೆದು ಉಳಿದ ನೀರು ಇಳಿಸಿ, ತೋಟದ ಪೈಪನ್ನು ಬಿಚ್ಚಿಡಿ. ಬಾಯ್ಲರಿನ ನೀರಿನಿಂದ ಬಿಸಿಯಾಗುವ ಮನೆಯಾದರೆ ವಾಲ್ವ್ ಮುಚ್ಚುವ ಮೊದಲು ಬಲ್ಲವರನ್ನು ಕೇಳಿ. ಸಿಂಕಿನ ಕೆಳಗಿನ ಕಪಾಟಿನ ಬಾಗಿಲುಗಳು ತೆರೆದಿರಲಿ. ಮನೆಯ ಕೀಲಿಯನ್ನು ನೆರೆಯವರಿಗೋ ಕನ್ನಡ ಕೂಟದ ಸ್ನೇಹಿತರಿಗೋ ಕೊಟ್ಟು, ಎರಡು ಮೂರು ದಿನಕ್ಕೊಮ್ಮೆ ಒಳಗೆ ಹೋಗಿ ಬರುವಂತೆ ಕೇಳಿಕೊಳ್ಳಿ. ವಾಲ್ವ್ ಎಲ್ಲಿದೆಯೆಂದು ಅವರಿಗೆ ಕೈಹಿಡಿದು ತೋರಿಸಿಯೇ ವಿಮಾನ ಹತ್ತಿ. ಊರಿನಲ್ಲಿರುವಾಗ, ಬೀಗ ಹಾಕಿ ಬಂದ ಹಳೆಯ ಮಾಳಿಗೆ ಮನೆ ಇದ್ದರೆ, ರೋಹಿಣಿಗೆ ಮುಂಚೆ ಮಣ್ಣು ಹಾಕಿಸುವ ಕೆಲಸವನ್ನು ಯಾರಿಗಾದರೂ ಒಪ್ಪಿಸಿ, ಅದರ ದುಡ್ಡನ್ನೂ ಕೊಟ್ಟು ಬನ್ನಿ.